ಅಕ್ಲಿಮೇಶನ್: ನೀರು ಒಗ್ಗುವುದು ಬೇರೆ, ನೆರೆಯವರು ಒಗ್ಗುವುದು ಬೇರೆ

"ಎರಡು ಗಂಟೆ ಅಕ್ಲಿಮೇಟ್ ಮಾಡಿದ್ದೆ ಸಾರ್. ಡ್ರಿಪ್ ಹಾಕೇ ಮಾಡಿದ್ದೆ. ಆದ್ರೂ ಬೆಳಿಗ್ಗೆ ನೋಡಿದ್ರೆ ಸತ್ತು ಬಿದ್ದಿತ್ತು."

ಉಪ್ಪುನೀರಿನ ಟ್ಯಾಂಕಿನಲ್ಲಿ ಸಮುದ್ರದ ಮೀನು ಸಾಕುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಕ್ಲಿಮೇಟ್ ಮಾಡುವುದು ಅಂದರೆ ಹೊಸ ಮೀನನ್ನು ಟ್ಯಾಂಕಿಗೆ ಒಗ್ಗಿಸುವುದು. ಡ್ರಿಪ್ ಅಂದರೆ ಅದು ಬಂದ ನೀರಿಗೆ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಬೆರೆಸುವುದು. ಮೊನ್ನೆ ಮತ್ತೆ ಒಬ್ಬರು ಫೋನ್ ಮಾಡಿದ್ದರು. ಮೀನಿನ ಬಾಲ ಹರಿದಿತ್ತಾ ಅಂದೆ. ಹರಿದಿತ್ತಂತೆ. ಟ್ಯಾಂಕಿನಲ್ಲಿ ಮೊದಲೇ ಯಾರಿದ್ದರು ಅಂದೆ. ಒಂದು ವರ್ಷದಿಂದ ಡ್ಯಾಮ್ಸೆಲ್ ಅನ್ನುವ ಜಾತಿಯ ಒಂದೇ ಒಂದು ಪುಟ್ಟ ಮೀನು ಇತ್ತಂತೆ. ಅಲ್ಲಿಗೆ ವಿಷಯ ಮುಗಿಯಿತು. ಆ ಮೀನು ಸತ್ತದ್ದು ಹೊಡೆತ ತಿಂದು. ಡ್ರಿಪ್ಪನ್ನು ಎರಡು ಗಂಟೆಯಲ್ಲ, ಎರಡು ದಿನ ಹಾಕಿದ್ದರೂ ಅದೇ ಆಗುತ್ತಿತ್ತು.

ತಪ್ಪು ಅವರದ್ದಷ್ಟೇ ಅಲ್ಲ, ಪದದ್ದೂ ಹೌದು. ಹೊಸ ಮೀನಿಗೆ ಏನೇ ಮಾಡಿದರೂ ನಾವೆಲ್ಲ ಅಕ್ಲಿಮೇಶನ್ ಅನ್ನುತ್ತೇವೆ.

ಪದದ ಹೊಟ್ಟೆಯಲ್ಲೇ ಕ್ಲೈಮೇಟ್ ಇದೆ. ಅದರ ಮೂಲ ಗ್ರೀಕಿನ 'ಕ್ಲಿಮಾ'. ಅಂದರೆ ಇಳಿಜಾರು, ಓರೆ. ಉತ್ತರಕ್ಕೆ ಹೋದಷ್ಟೂ ಸೂರ್ಯ ಓರೆಯಾಗುತ್ತಾನಲ್ಲ, ಆ ಓರೆಯ ಲೆಕ್ಕದಲ್ಲಿ ಹಳೆಯ ಗ್ರೀಕರು ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ಹಂಚಿದರು. ಒಂದೊಂದು ಪಟ್ಟಿಯೂ ಒಂದೊಂದು ಕ್ಲಿಮಾ. ಕಾಲ ಕಳೆದ ಹಾಗೆ ಪಟ್ಟಿಯ ಹೆಸರು ಅಲ್ಲಿನ ಹವೆಗೇ ಅಂಟಿಕೊಂಡಿತು. ಇದರ ಹಿಂದಿನ ಕ್ರಿಯಾಪದಕ್ಕೆ 'ಒರಗು' ಅಂತ ಅರ್ಥ. ಒರಗುವ ಜಾಗ ಹಾಸಿಗೆ. ಹಾಸಿಗೆಯಿಂದ ಹುಟ್ಟಿದ್ದು ಕ್ಲಿನಿಕ್. ನಮ್ಮ ಬೀದಿಯ ಡಾಕ್ಟರ ಬೋರ್ಡೂ ಇದೇ ವಂಶದ್ದು.

ಇದರಿಂದ 'ಹೊಸ ಹವೆಗೆ ಒಗ್ಗಿಸು' ಅನ್ನುವ ಕ್ರಿಯಾಪದ ಮಾಡಿಕೊಂಡವರು ಫ್ರೆಂಚರು. 19ನೇ ಶತಮಾನದಲ್ಲಿ ಅವರಿಗೆ ಇದೊಂದು ಹುಚ್ಚೇ ಆಗಿಹೋಯಿತು. ಬೇರೆ ದೇಶದ ಪ್ರಾಣಿ, ಗಿಡ ತರುವುದು, ಬದುಕುತ್ತವಾ ನೋಡುವುದು. ಅದಕ್ಕಾಗಿ ಪ್ಯಾರಿಸ್ಸಿನಲ್ಲಿ 1860ರಲ್ಲಿ ಒಂದು ತೋಟವನ್ನೇ ತೆರೆದು 'ಜಾರ್ದಾಂ ದಾಕ್ಲಿಮತಾಸಿಯೋಂ' ಅಂತ ಹೆಸರಿಟ್ಟರು. ಅದು ಈಗಲೂ ಇದೆ, ಮಕ್ಕಳು ಆಡಲು ಹೋಗುತ್ತಾರೆ. ಇದರ ಹಿಂದಿನ ವರ್ಷ, 1859ರಲ್ಲಿ, ಆಸ್ಟ್ರೇಲಿಯಾದ ಒಬ್ಬ ಜಮೀನ್ದಾರ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ ಮೊಲ ತರಿಸಿ ಬಿಟ್ಟ. ಮೊಲಗಳಿಗೆ ಅಲ್ಲಿನ ಹವೆ ಚೆನ್ನಾಗಿಯೇ ಒಗ್ಗಿತು. ಅಲ್ಲಿದ್ದವರಿಗೆ ಮೊಲ ಒಗ್ಗುತ್ತವಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಮೊನ್ನೆಯ ಫೋನಿನ ಕಥೆಯೂ ಇದೇ, ಪಾತ್ರ ಮಾತ್ರ ಉಲ್ಟಾ. ಅಲ್ಲಿ ಕಾಟ ಕೊಟ್ಟವರು ಹೊಸಬರು, ಇಲ್ಲಿ ಹಳಬ.

ಮಜಾ ಅಂದರೆ, ಕನ್ನಡದಲ್ಲಿ ಈ ಗೊಂದಲ ಬರಬೇಕಾಗಿರಲಿಲ್ಲ. 'ಆ ಊರಿನ ನೀರು ಒಗ್ಗಲಿಲ್ಲ' ಅನ್ನುತ್ತೇವೆ. ಮೈಗೆ, ಹೊಟ್ಟೆಗೆ ಸಂಬಂಧಪಟ್ಟ ಮಾತು ಅದು. 'ಅತ್ತೆ ಸೊಸೆಗೆ ಹೊಂದಾಣಿಕೆ ಇಲ್ಲ' ಅನ್ನುತ್ತೇವೆ. ಅದು ಒಂದೇ ಅಡುಗೆಮನೆಯ ಜಗಳ. ಅತ್ತೆ ಸೊಸೆ ಕಿತ್ತಾಡಿದರೆ 'ನೀರು ಒಗ್ಗಲಿಲ್ಲ' ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಮೀನಿನ ವಿಷಯಕ್ಕೆ ಬಂದಾಗ ಮಾತ್ರ ಎರಡನ್ನೂ ಒಂದೇ ಇಂಗ್ಲಿಷ್ ಪದಕ್ಕೆ ತುರುಕಿದ್ದೇವೆ.

ಒಗ್ಗುವ ಭಾಗ ಹೆಚ್ಚು ಕಷ್ಟದ್ದಲ್ಲ. ಸಮುದ್ರದ ಮೀನಿನ ಮೈಯೊಳಗಿನ ಉಪ್ಪು ಹೊರಗಿನ ನೀರಿನ ಉಪ್ಪಿನ ಮೂರನೇ ಒಂದು ಪಾಲು ಅಷ್ಟೇ. ಹಾಗಾಗಿ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಮೀನು ಸಮುದ್ರದ ನೀರನ್ನೇ ಕುಡಿದು, ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಸಿಹಿನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ ಸಮುದ್ರದ ನೀರಿನದ್ದು 1.025ರ ಆಸುಪಾಸು. ಉಪ್ಪು ಹೆಚ್ಚಿದಷ್ಟೂ ಅದು ಏರುತ್ತದೆ. ಎಷ್ಟೋ ಅಂಗಡಿಗಳು ಮೀನನ್ನು 1.020ರಲ್ಲಿ ಇಟ್ಟಿರುತ್ತವೆ. ಉಪ್ಪಿನ ಖರ್ಚು ಕಡಿಮೆ, ಪರಾವಲಂಬಿಗಳ ಕಾಟವೂ ಸ್ವಲ್ಪ ಕಡಿಮೆ. ಅಲ್ಲಿಂದ ತಂದು ನಿಮ್ಮ 1.025ಕ್ಕೆ ಸುರಿದರೆ ಮೈಯ ನೀರು ಒಮ್ಮೆಲೇ ಹೋಗುತ್ತದೆ. ಡ್ರಿಪ್ ಇರುವುದು ಇದಕ್ಕೆ.

ಹಾಗಂತ ಡ್ರಿಪ್ ಎಷ್ಟು ಹೊತ್ತು ಹಾಕಿದರೆ ಅಷ್ಟು ಒಳ್ಳೆಯದು ಅನ್ನುವುದೂ ತಪ್ಪು. ದೂರದ ಊರಿನಿಂದ ಬಾಕ್ಸಿನಲ್ಲಿ ಬಂದ ಮೀನಿನ ಕವರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಂದರೆ ನೀರಿನ ಆಮ್ಲೀಯತೆ ಏರಿರುತ್ತದೆ. ಅಮೋನಿಯಾ ಇದ್ದರೂ ಹೆಚ್ಚು ವಿಷವಲ್ಲದ ರೂಪದಲ್ಲಿರುತ್ತದೆ. ಕವರ್ ಬಿಚ್ಚಿದಿರಿ ಅಂದರೆ ಆ ಗಾಳಿ ಹಾರಿಹೋಗಿ ಪಿಎಚ್ ಏರುತ್ತದೆ, ಅಮೋನಿಯಾದ ವಿಷವೂ ಏರುತ್ತದೆ. ಅದೇ ನೀರಿನಲ್ಲಿ ಎರಡು ಗಂಟೆ ಹನಿ ಹನಿ ಬಿಡುತ್ತಾ ಕೂರುವುದು ಉಪಚಾರವಲ್ಲ. ಅದರ ಬದಲು ಕವರಿನ ನೀರಿನಷ್ಟೇ ಉಪ್ಪಿರುವ ಹೊಸ ನೀರು ತಯಾರಿಟ್ಟುಕೊಂಡು, ಕವರ್ ಬಿಚ್ಚಿದ ಕೂಡಲೇ ಮೀನನ್ನು ಅದಕ್ಕೆ ದಾಟಿಸಿ. ಉಪ್ಪನ್ನು ಆಮೇಲೆ ನಿಧಾನಕ್ಕೆ ಏರಿಸಿದರಾಯಿತು.

ಕ್ವಾರಂಟೈನ್ ಮೂರನೆಯ ವಿಷಯ. ಕೊರೊನಾ ಆದ ಮೇಲೆ ಅದರ ಅರ್ಥ ಹೇಳಬೇಕಾಗಿಲ್ಲ.

ಗೊಂದಲವನ್ನು ಗಟ್ಟಿ ಮಾಡಿದ್ದು 'ಅಕ್ಲಿಮೇಶನ್ ಬಾಕ್ಸ್' ಅನ್ನುವ ಸಾಮಾನು. ಟ್ಯಾಂಕಿನ ಗಾಜಿಗೆ ನೇತುಹಾಕುವ, ತೂತುಗಳಿರುವ ಅಕ್ರಿಲಿಕ್ ಡಬ್ಬ. ತೂತಿನಿಂದ ಟ್ಯಾಂಕಿನ ನೀರೇ ಒಳಗೆ ಬರುತ್ತದೆ. ಅಂದಮೇಲೆ ಅದು ನೀರಿಗೆ ಒಗ್ಗಿಸುವುದು ಎಲ್ಲಿಂದ ಬಂತು? ಕವರಿನಿಂದ ಸೀದಾ ಇದಕ್ಕೆ ಮೀನು ಬಿಟ್ಟು, ನಿಧಾನಕ್ಕೆ ಒಗ್ಗಿಸುತ್ತಿದ್ದೇನೆ ಅಂದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಈ ಡಬ್ಬ ಇರುವುದು ಹಳಬರು ಹೊಸಬನನ್ನು ನೋಡಲಿ, ಕಚ್ಚದಿರಲಿ ಅಂತ. ಇದಕ್ಕೆ ಮುಖಾಮುಖಿ ಡಬ್ಬ ಅಂತ ಹೆಸರಿಟ್ಟಿದ್ದರೆ ಎಷ್ಟೋ ಮೀನು ಉಳಿಯುತ್ತಿದ್ದವು.

ಮೀನು ಕಚ್ಚುವುದಾದರೂ ಯಾಕೆ? 'ಅಗ್ರೆಸಿವ್ ಮೀನು' ಅನ್ನುವ ಹಣೆಪಟ್ಟಿ ಪೂರ್ತಿ ಸರಿಯಲ್ಲ. ಅದೇ ಡ್ಯಾಮ್ಸೆಲ್ ಅನ್ನು ಎಲ್ಲರಿಗಿಂತ ಕೊನೆಗೆ ಬಿಟ್ಟಿದ್ದರೆ ಬಾಲ ಮುದುರಿಕೊಂಡು ಇರುತ್ತಿತ್ತೇನೋ. ಮೊದಲು ಬಂದು ಕಲ್ಲಿನ ಸಂದು ಹಿಡಿಯಿತು. ಈಗ ಅದು ಖಾತೆದಾರ. ಡ್ಯಾಮ್ಸೆಲ್‌ಗಳಲ್ಲಿ ಕೆಲವು ಕಾಡಿನಲ್ಲಿ, ಅಂದರೆ ಹವಳದ ದಿಬ್ಬದಲ್ಲಿ, ತಮ್ಮದೇ ಪಾಚಿಯ ತೋಟ ಬೆಳೆಸಿ ಕಾಯುತ್ತವೆ. ತಮಗಿಂತ ಎಷ್ಟೋ ದೊಡ್ಡ ಮೀನನ್ನೂ ಓಡಿಸುತ್ತವೆ. ಅಲ್ಲಿ ಓಡಿದ ಮೀನಿಗೆ ಹೋಗಲು ಇಡೀ ಸಮುದ್ರವಿದೆ. ನಾಲ್ಕಡಿ ಟ್ಯಾಂಕಿನಲ್ಲಿ ಗಾಜಿಗೆ ಮೂತಿ ತಾಗುತ್ತದೆ ಅಷ್ಟೇ.

ಟ್ಯಾಂಗ್ ಅನ್ನುವ ಮೀನುಗಳದ್ದು ಇನ್ನೊಂದು ಬಗೆ. ಹಳದಿ ಟ್ಯಾಂಗಿಗೆ ತನ್ನ ಹಾಗೇ ಕಾಣುವವರ ಮೇಲೇ ಕೋಪ. ಬಾಲದ ಬುಡದಲ್ಲಿ ಚಾಕುವಿನಂಥ ಮುಳ್ಳು ಬೇರೆ. ಅದಕ್ಕೇ ಕೆಲವರು ಹೊಸ ಟ್ಯಾಂಗ್ ತಂದ ದಿನ ಗಾಜಿನ ಹೊರಗೆ ಕನ್ನಡಿ ಅಂಟಿಸುತ್ತಾರೆ. ಹಳಬ ಕನ್ನಡಿಯೊಳಗಿನ ಮೀನಿನ ಜೊತೆ ಹೊಡೆದಾಡುತ್ತಾ ಇರುತ್ತಾನೆ, ಹೊಸಬ ಅಷ್ಟರಲ್ಲಿ ಉಸಿರು ಬಿಡುತ್ತಾನೆ.

ಮೊದಲ ಒಂದೆರಡು ದಿನ ಅಟ್ಟಾಡಿಸುವುದು ಮಾಮೂಲು. ಅದಕ್ಕೆ ಗಾಬರಿ ಬೇಡ. ಹೊಸಬ ಊಟ ಬಿಟ್ಟು, ನೀರಿನ ಮೇಲ್ಭಾಗದ ಮೂಲೆಯಲ್ಲಿ ಪಂಪಿನ ಹಿಂದೆ ನಿಂತುಬಿಟ್ಟರೆ, ರೆಕ್ಕೆ ಹರಿಯತೊಡಗಿದರೆ, ಆಗ ಕೈ ಹಾಕಬೇಕು. ಕಲ್ಲುಗಳ ಜಾಗ ಬದಲಿಸಿದರೆ ಹಳಬನ ಖಾತೆ ರದ್ದಾದ ಹಾಗೆ, ಅವನೂ ಹೊಸದಾಗಿ ಮನೆ ಹುಡುಕಬೇಕು. ಲೈಟ್ ಆರಿಸಿ ಬಿಡಬಹುದು. ಹೊಸಬನನ್ನು ಡಬ್ಬದಲ್ಲಿ ಇಡುವುದಾದರೆ ಒಂದು ರಾತ್ರಿ ಸಾಲದು. ಹಳಬರು ಡಬ್ಬದ ಹತ್ತಿರ ಸುಳಿದಾಡುವುದನ್ನು ಬಿಡುವ ತನಕ, ಕೆಲವು ಸಲ ವಾರವೇ ಬೇಕು. ಒಳಗಿರುವ ಮೀನು ಅಲ್ಲೇ ಊಟ ಶುರು ಮಾಡಿರಬೇಕು. ಇಷ್ಟಾದರೂ ಬಗ್ಗದಿದ್ದರೆ ಹೊಡೆಯುವವನನ್ನೇ ಹಿಡಿದು ಡಬ್ಬಕ್ಕೆ ಹಾಕಿ, ಹೊಸಬನನ್ನು ಹೊರಗೆ ಬಿಡಿ.

ಮೊನ್ನೆ ಫೋನ್ ಮಾಡಿದವರು ಹೊಸದೊಂದು ಮೀನು ತಂದು, ಡ್ಯಾಮ್ಸೆಲ್ ಅನ್ನು ಹಣ್ಣು ತೊಳೆಯುವ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ ಟ್ಯಾಂಕಿನಲ್ಲೇ ತೇಲಿಬಿಟ್ಟಿದ್ದಾರೆ. ಒಂದು ವರ್ಷದಿಂದ ಅದೇ ನೀರಿನಲ್ಲಿ ಇರುವ ಮೀನು ಅದು. ಹೇಗಿದೆ ಅಂತ ನಿನ್ನೆ ಕೇಳಿದೆ.

"ಇನ್ನೂ ಅಕ್ಲಿಮೇಟ್ ಆಗ್ತಾ ಇದೆ ಸಾರ್" ಅಂದರು.