ವಾರಕ್ಕೊಮ್ಮೆ ಸ್ಟಾರ್ಟ್ ಮಾಡ್ತಿದ್ವಲ್ಲ, ಕಾರು ಸರಿ ಇರುತ್ತೆ ಅಲ್ವಾ?

ಪ್ರಶ್ನೆ: ನಮ್ಮ ಪೆಟ್ರೋಲ್ ಕಾರು ಎಂಟು ತಿಂಗಳಿಂದ ನಿಂತಲ್ಲೇ ನಿಂತಿದೆ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ವಿ. ಹೋದ ತಿಂಗಳಿಂದ ಸೆಲ್ಫ್ ತಗೊಳ್ತಿಲ್ಲ. ಬೇರೆ ಕಾರಿನ ಬ್ಯಾಟರಿಯಿಂದ ಕೇಬಲ್ ಕೊಟ್ಟು ಜಂಪ್ ಮಾಡಿ ಹಾಗೇ ಓಡಿಸಬಹುದಾ?

ಉತ್ತರ: ಹಾಗೇ ಓಡಿಸಬೇಡಿ. ಏನೇನು ನೋಡಬೇಕು ಅಂತ ಮುಂದೆ ಹೇಳುತ್ತೇನೆ. ಆದರೆ ಪ್ರಶ್ನೆಯ ಎರಡನೇ ವಾಕ್ಯವನ್ನು ದಾಟಿ ಹೋಗಲು ನನ್ನಿಂದ ಆಗುವುದಿಲ್ಲ. ನಿಂತ ಕಾರಿನ ಬಗ್ಗೆ ಕೇಳುವವರೆಲ್ಲ ಈ ಮಾತನ್ನು ಹೇಳಿಯೇ ಹೇಳುತ್ತಾರೆ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ, ಈ ಸಲ ಲೆಕ್ಕ ಹಾಕಿಯೇ ಹೇಳುತ್ತೇನೆ.

ಕಾರು ಆಫ್ ಆಗಿದ್ದರೂ ಅಲಾರಂ, ಗಡಿಯಾರ, ಕಂಪ್ಯೂಟರ್ ಇವೆಲ್ಲ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪ ಹೀರುತ್ತಲೇ ಇರುತ್ತವೆ. 30 ಮಿಲಿಆಂಪಿಯರ್ ಅಂತ ಇಟ್ಟುಕೊಳ್ಳಿ. ವಾರಕ್ಕೆ 168 ಗಂಟೆ. ಅಲ್ಲಿಗೆ ಸುಮಾರು 5 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಹೋಯಿತು. ಸ್ಟಾರ್ಟ್ ಮಾಡುವುದಕ್ಕೇ ಜಾಸ್ತಿ ಖರ್ಚಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದು ಹಾಗಲ್ಲ. ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದೆ ನಿಜ, ಆದರೆ ಎರಡೋ ಮೂರೋ ಸೆಕೆಂಡು ಮಾತ್ರ. ಬ್ಯಾಟರಿಯನ್ನು ಖಾಲಿ ಮಾಡುವುದು ಆ ವಾರವಿಡೀ ನಡೆಯುವ ಸೋರಿಕೆ. ಈಗ ಹತ್ತು ನಿಮಿಷದಲ್ಲಿ ಎಷ್ಟು ವಾಪಸ್ ಬರುತ್ತದೆ ನೋಡಿ. ನಿಂತಲ್ಲೇ ಉರಿಯುವ ಎಂಜಿನ್ನಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನಿಧಾನವಾಗಿ ಸುತ್ತುತ್ತದೆ. ಕೈ ಬಿಚ್ಚಿ ಲೆಕ್ಕ ಹಾಕಿ 15 ಆಂಪಿಯರ್ ಬ್ಯಾಟರಿಗೆ ಸೇರಿತು ಅಂದರೂ ಹತ್ತು ನಿಮಿಷಕ್ಕೆ ಎರಡೂವರೆ ಆಂಪಿಯರ್-ಅವರ್. ಹೋಗಿದ್ದು ಐದು, ಬಂದಿದ್ದು ಎರಡೂವರೆ. ಪ್ರತಿ ವಾರವೂ ಹೀಗೇ. 45 ಆಂಪಿಯರ್-ಅವರ್ ಬ್ಯಾಟರಿ ಕೆಲವು ತಿಂಗಳು ಎಳೆದಾಡಿ ಕೊನೆಗೆ ಕೈ ಎತ್ತುತ್ತದೆ. ನಿಮ್ಮದು ಎತ್ತಿದ್ದೂ ಹೀಗೇ ಇರಬೇಕು.

ಬ್ಯಾಟರಿ ಹೋದರೆ ಹೊಸದು ಹಾಕಬಹುದು. ನನಗೆ ಜಾಸ್ತಿ ಬೇಸರ ತರುವುದು ಎಂಜಿನ್ನಿನ ಒಳಗೆ ಆಗುವ ಕೆಲಸ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಆಶ್ಚರ್ಯ ಆಗುತ್ತದೆ, ಆದರೆ ನಿಜ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಬಿಸಿಯಾದ ಕಾರಿನಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ. ತಣ್ಣಗಿರುವ ಸೈಲೆನ್ಸರಿನಲ್ಲಿ ಹನಿಯಾಗಿ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕಾರಿನ ಸೈಲೆನ್ಸರ್ ಬಾಯಿಂದ ನೀರು ತೊಟ್ಟಿಕ್ಕುವುದನ್ನು ನೀವೇ ನೋಡಿರುತ್ತೀರಿ. ಹತ್ತು ನಿಮಿಷಕ್ಕೆ ಆಫ್ ಮಾಡಿದರೆ ಆ ನೀರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ.

ಇನ್ನೊಂದಿಷ್ಟು ಆವಿ ಪಿಸ್ಟನ್ ಪಕ್ಕದಿಂದ ನುಸುಳಿ ಆಯಿಲ್ ಸೇರುತ್ತದೆ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗುತ್ತದಲ್ಲ, ಪೂರ್ತಿ ಉರಿಯದ ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ತಾನೂ ಕೆಳಗೆ ಇಳಿಯುತ್ತದೆ. 'ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿತ್ತು ಸಾರ್' ಅನ್ನುತ್ತಾರೆ. ಆ ಮುಳ್ಳು ತೋರಿಸುವುದು ಕೂಲಂಟಿನ, ಅಂದರೆ ಎಂಜಿನ್ ತಂಪು ಮಾಡುವ ದ್ರವದ, ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ತುಂಬಾ ಹೊತ್ತು ಬೇಕು, ಅದೂ ರಸ್ತೆಯಲ್ಲಿ ಓಡಿದರೆ. ಒಂದು ಸಲ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು ಒಳಮೈ ನೋಡಿ. ಹೀಗೆ 'ನೋಡಿಕೊಂಡ' ಕಾರುಗಳಲ್ಲಿ ಅಲ್ಲಿ ಹಳದಿ ಮಿಶ್ರಿತ ಬಿಳಿ ಕೆನೆಯಂಥ ಪದರ ಕಾಣಿಸುತ್ತದೆ. ಬೆರಳಿಗೆ ಜಿಡ್ಡಾಗಿ ಅಂಟುತ್ತದೆ. ಅದು ಆಯಿಲ್ ಮತ್ತು ನೀರು ಕಲಸಿ ಆದದ್ದು. ಸಾಮಾನ್ಯವಾಗಿ ಇದು ಆಗಲೇ ಹೇಳಿದ ಆವಿ ತಣಿದು ಸೇರಿದ್ದು. ಆದರೆ ಆಯಿಲ್ ಮಟ್ಟ ನೋಡುವ ಕಡ್ಡಿಯ (ಡಿಪ್‌ಸ್ಟಿಕ್) ಮೇಲೂ ಅದೇ ಕೆನೆ ಇದ್ದು, ಕೂಲಂಟ್ ಕಡಿಮೆಯಾಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಬ್ರೇಕ್, ಟೈರ್, ಬೇರಿಂಗ್‌ಗೆ ಆ ಹತ್ತು ನಿಮಿಷದಿಂದ ಏನೂ ಸಿಗಲಿಲ್ಲ, ಚಕ್ರ ಸುತ್ತಲೇ ಇಲ್ಲವಲ್ಲ. ಪ್ರೀತಿಯಿಂದಲೇ ಮಾಡಿದ್ದೀರಿ, ಅದು ನನಗೆ ಗೊತ್ತು. ಆದರೂ ನಿಮ್ಮ ಕಾರು ಎಂಟು ತಿಂಗಳು ನಿಂತ ಕಾರೇ. ಹಾಗೆ ತಿಳಿದುಕೊಂಡೇ ಕೈ ಹಾಕಿ.

ಕೀ ಮುಟ್ಟುವ ಮೊದಲು ನೆಲ ನೋಡಿ. ಅಡಿಯಲ್ಲಿ ಆಯಿಲ್, ಕೂಲಂಟ್ ಸೋರಿದ ಕಲೆ ಇದೆಯಾ? ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ. ಇಲಿಗೆ ಅದಕ್ಕಿಂತ ಒಳ್ಳೆ ಮನೆ ಇನ್ನೊಂದಿಲ್ಲ. ಕಚ್ಚಿದ ವೈರ್ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ. ಬ್ರೇಕ್ ಪೆಡಲ್ ಒತ್ತಿ ಹಿಡಿದುಕೊಳ್ಳಿ. ಅದು ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಕಾರು ಒಂದಡಿಯೂ ಕದಲಬಾರದು. ಟೈರಿಗೆ, ಸ್ಟೆಪ್ನಿಗೂ ಸೇರಿಸಿ, ಗಾಳಿ ಹಾಕಿಸಿ.

ಬ್ಯಾಟರಿಗೆ ಜಂಪ್‌ಗಿಂತ ಚಾರ್ಜರ್ ಒಳ್ಳೆಯದು. ರಾತ್ರಿಯಿಡೀ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12ರ ಹತ್ತಿರವೇ ನಿಂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರಬಹುದು, ಬದಲಾಯಿಸಿ. ಜಂಪ್ ಮಾಡಲೇಬೇಕಾದರೆ ಕೊನೆಯ ಕಪ್ಪು ಕ್ಲಿಪ್ಪನ್ನು ನಿಂತ ಕಾರಿನ ಬ್ಯಾಟರಿಗೆ ಹಾಕಬೇಡಿ, ದೂರದಲ್ಲಿ ಎಂಜಿನ್ನಿನ ಬರೀ ಲೋಹಕ್ಕೆ ಹಾಕಿ. ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಕಿಡಿ ಅಲ್ಲಿ ಹಾರಬಾರದು.

ಎಂಟು ತಿಂಗಳ ಪೆಟ್ರೋಲ್ ಹಳೆಯದೇ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸದು ತುಂಬಿಸಿ. ಬಣ್ಣದ ಡಬ್ಬಿಯಂಥ ಹುಳಿ ವಾಸನೆ ಬಂದರೆ ಪೂರ್ತಿ ತೆಗೆಸಿಬಿಡಿ.

ಶೆಡ್ಡಿನ ಬಾಗಿಲು ಪೂರ್ತಿ ತೆರೆದೇ ಸ್ಟಾರ್ಟ್ ಮಾಡಿ, ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ, ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಎಂಜಿನ್ ಹತ್ತಿದ ಕೂಡಲೇ ಆಕ್ಸಿಲರೇಟರ್ ತುಳಿಯಬೇಡಿ. ಆಯಿಲ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಇಲ್ಲದಿದ್ದರೆ ಆಫ್ ಮಾಡಿ. ಎಲ್ಲ ಸರಿ ಇದ್ದರೆ ನಿಧಾನವಾಗಿ ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ ಓಡಿಸಿ ಬ್ರೇಕ್ ಹಿಡಿದು ನೋಡಿ. ಮೊದಲಿಗೆ ಡಿಸ್ಕಿನ ತುಕ್ಕು ಕರಕರ ಅನ್ನುತ್ತದೆ, ಸ್ವಲ್ಪದರಲ್ಲೇ ಹೋಗುತ್ತದೆ. ಆಮೇಲೆ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಅಷ್ಟಾದ ಮೇಲೆ ಆಯಿಲ್, ಫಿಲ್ಟರ್ ಬದಲಾಯಿಸಿ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ಆಗಿದ್ದರೆ ಅದೂ ಹೊಸದಾಗಲಿ, ಅದು ಗಾಳಿಯ ತೇವ ಹೀರುತ್ತದೆ.

ನಾಲ್ಕಡಿ ಅಂದೆ, ಆದರೆ ಕಾರು ಕದಲದೇ ಹೋದರೆ? ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಬಲದಿಂದ ಕಿತ್ತರೆ ಶೂ ಮೇಲಿನ ಉಜ್ಜುವ ಪದರ (ಲೈನರ್) ಎದ್ದು ಬರಬಹುದು. ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಬಿಡುತ್ತದೆ.

ಮುಂದಿನ ಸಲ ಇಷ್ಟು ದಿನ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಬಿಡಿ. ಟ್ಯಾಂಕ್ ತುಂಬಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ. ಇಲಿ ಹೋಗದ ಹಾಗೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ನಾನು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗಿಗೆ ಕಟ್ಟುತ್ತೇನೆ: 'ಕಲ್ಲು ಇದೆ. ಬಟ್ಟೆ ಇದೆ. ಹ್ಯಾಂಡ್ ಬ್ರೇಕ್ ಇಲ್ಲ.'