ಫೆಬ್ರುವರಿ ಪಗಾರದ 300 ರೂಪಾಯಿ

ಮುಂಬೈ, ಪುಣೆಯಲ್ಲಿ ನೌಕರಿಗಿರುವ ಕನ್ನಡಿಗರ ಪಗಾರ ಚೀಟಿಯಲ್ಲಿ ವೃತ್ತಿ ತೆರಿಗೆಯದೊಂದು ಸಾಲು ಇರುತ್ತದೆ. ಸಾಮಾನ್ಯವಾಗಿ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300, ವರ್ಷಕ್ಕೆ 2,500. ಮಹಾರಾಷ್ಟ್ರ ಈ ತೆರಿಗೆಯನ್ನು 1975ರಲ್ಲಿ ತಂದದ್ದೇ ಕೆಲಸವಿಲ್ಲದವರಿಗೆ ಕೆಲಸ ಕೊಡಲು. 1972ರ ಬರಗಾಲದಲ್ಲಿ ಹಳ್ಳಿಗಳಲ್ಲಿ ಕೆರೆ, ರಸ್ತೆ, ಬದುಗಳ ಕೆಲಸ ತೆರೆದ ರೋಜಗಾರ ಹಮಿ ಯೋಜನೆ, ಅಂದರೆ ಉದ್ಯೋಗ ಖಾತರಿ ಯೋಜನೆ, 1977ರಲ್ಲಿ ಕಾಯಿದೆಯಾಯಿತು. ಅದಕ್ಕೆ ಬೇಕಾದ ದುಡ್ಡಿನಲ್ಲಿ ಒಂದು ಪಾಲು ಪಟ್ಟಣದ ಪಗಾರದಿಂದ ಹೋಯಿತು.

ಬರದ ನಿರುದ್ಯೋಗಕ್ಕೆ ಅದು ಸರಿಯಾದ ಮದ್ದು. ಮಳೆ ಬಂದರೆ ಕೂಲಿಯವರು ಮತ್ತೆ ಹೊಲಕ್ಕೆ ಇಳಿಯುತ್ತಾರೆ. ಅಲ್ಲಿಯವರೆಗೆ ಒಲೆ ಉರಿದರೆ ಸಾಕು. ಮುಂಬೈಯ ಬಟ್ಟೆ ಮಿಲ್ಲುಗಳ ಪ್ರದೇಶ ಗಿರಣಗಾಂವ್‌ನಲ್ಲಿ ಆದದ್ದು ಬೇರೆ. 1982ರ ಜನವರಿ 18ರಂದು ಶುರುವಾದ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹಳ ಮಂದಿಗೆ ಹಿಂದಿರುಗಲು ಕೆಲಸವೇ ಉಳಿಯಲಿಲ್ಲ. ಇಪ್ಪತ್ತು ವರ್ಷ ಸಾಂಚೆಯ (ಮಿಲ್ಲಿನ ಮಗ್ಗದ) ಮುಂದೆ ನಿಂತ ಕೈಗೆ ಬೇರೆ ಕಸುಬು ಎಲ್ಲಿಂದ ಬರಬೇಕು?

ಶ್ರೀಮಂತ ದೇಶಗಳಲ್ಲೂ ನಿರುದ್ಯೋಗಕ್ಕೆ ಈ ಎರಡೂ ಮುಖಗಳಿವೆ. ಜನ ಖರ್ಚು ಕಡಿಮೆ ಮಾಡಿದಾಗ ಕಾರ್ಖಾನೆಗೆ ಆರ್ಡರು ನಿಲ್ಲುತ್ತದೆ, ಕೆಲಸ ಹೋಗುತ್ತದೆ: ಇದು ಬೇಡಿಕೆಯ ಬರ. ಕಸುಬೇ ಸತ್ತಾಗ, ಇಲ್ಲವೇ ಕೆಲಸ ಒಂದೂರಲ್ಲಿ, ಜನ ಇನ್ನೊಂದೂರಲ್ಲಿ ಇದ್ದಾಗ ಆಗುವುದು ರಚನೆಯ ನಿರುದ್ಯೋಗ. ಮೊದಲನೆಯದಕ್ಕೆ ಬಡ್ಡಿ ಇಳಿಸುವುದು, ಸರಕಾರ ಖರ್ಚು ಹೆಚ್ಚಿಸುವುದು ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಅಷ್ಟೇ ಸಾಲದು; ತರಬೇತಿ ಬೇಕು, ಮನೆ ಬದಲಿಸಲು ಆಸರೆ ಬೇಕು. ಆದರೆ ಮೊದಲನೆಯದನ್ನು ಹಾಗೇ ಬಿಟ್ಟರೆ ಅದು ಎರಡನೆಯದಾಗಿ ಬಲಿಯುತ್ತದೆ. ಈ ಅಪಾಯವನ್ನು ಅರ್ಥಶಾಸ್ತ್ರಜ್ಞರಾದ ಬ್ಲಾಂಚಾರ್ಡ್ ಮತ್ತು ಸಮರ್ಸ್ 1986ರಲ್ಲೇ ಯುರೋಪಿನ ಉದಾಹರಣೆ ಹಿಡಿದು ಎತ್ತಿ ತೋರಿಸಿದ್ದರು. ಅಮೆರಿಕದಲ್ಲಿ ಸಂಶೋಧಕರು ಉಳಿದೆಲ್ಲ ವಿವರ ಒಂದೇ ತರಹವಿದ್ದು, ಕೆಲಸವಿಲ್ಲದೆ ಕಳೆದ ತಿಂಗಳುಗಳಷ್ಟೇ ಬೇರೆಬೇರೆಯಾಗಿರುವ ಕಾಲ್ಪನಿಕ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿ ನೋಡಿದರು. ಮೊದಲ ಎಂಟು ತಿಂಗಳಲ್ಲೇ ಸಂದರ್ಶನದ ಕರೆಗಳು ಗಣನೀಯವಾಗಿ ಇಳಿದವು. ಮನುಷ್ಯ ಅವನೇ, ವಿದ್ಯೆ ಅದೇ. ಖಾಲಿ ಕೂತ ದಿನಗಳೇ ಅವನಿಗೆ ಅಡ್ಡ ನಿಂತವು.

ಹಾಗಾಗಿ ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವುದಕ್ಕಿಂತ, ಕೆಲಸ ಹೋಗುವ ಮೊದಲೇ ಹಿಡಿದುಕೊಳ್ಳುವುದು ಜಾಣತನ. ಜರ್ಮನಿಯ ಕುರ್ತ್ಸ್‌ಆರ್ಬೈಟ್, ಅಂದರೆ ಮೊಟಕು ಕೆಲಸದ ಪದ್ಧತಿ, ಇದನ್ನೇ ಮಾಡುತ್ತದೆ. ಜರ್ಮನ್ ಕಂಪನಿಗಳು ಬೇಕಾದಷ್ಟಿರುವ ಪುಣೆಯವರಿಗೆ ಈ ಹೆಸರು ಕಿವಿಗೆ ಬಿದ್ದಿರಲೂಬಹುದು. ನೂರು ಜನರ ಕಾರ್ಖಾನೆಗೆ ಆರ್ಡರು ಐದನೇ ಒಂದರಷ್ಟು ಇಳಿಯಿತೆನ್ನಿ. ಇಪ್ಪತ್ತು ಜನರನ್ನು ಕಳಿಸುವ ಬದಲು ನೂರೂ ಜನ ವಾರಕ್ಕೆ ಐದರ ಜಾಗದಲ್ಲಿ ನಾಲ್ಕು ದಿನ ಬರುತ್ತಾರೆ. ಕೈಗೆ 2,500 ಯೂರೋ ಬರುತ್ತಿದ್ದವರಿಗೆ ಸುಮಾರು 500 ಖೋತಾ. ಅದರಲ್ಲಿ 60 ಶೇಕಡಾ, ಅಂದರೆ 300 ಯೂರೋವನ್ನು ನಿರುದ್ಯೋಗ ವಿಮೆ ತುಂಬಿಕೊಡುತ್ತದೆ. ಮಕ್ಕಳಿದ್ದರೆ 67 ಶೇಕಡಾ, 335 ಯೂರೋ. ಕೈಗೆ 2,300 ಬಂತು, ಕೆಲಸವೂ ಉಳಿಯಿತು. ಕಂಪನಿ ಸುಮ್ಮನೆ ಕೇಳಿದರೆ ಸಿಗುವ ದುಡ್ಡಲ್ಲ ಇದು: ಮಾಮೂಲಿ ನಿಯಮದ ಪ್ರಕಾರ ಕನಿಷ್ಠ ಮೂರನೇ ಒಂದು ನೌಕರರ ಪಗಾರ 10 ಶೇಕಡಾಕ್ಕಿಂತ ಹೆಚ್ಚು ಇಳಿದಿರಬೇಕು, ಕಾರಣ ತಾತ್ಕಾಲಿಕವಾಗಿರಬೇಕು.

ಇದರಿಂದ ಮಾಲೀಕನಿಗೇನು ಲಾಭ ಎಂಬುದನ್ನು ಪುಣೆ ಹತ್ತಿರದ ಚಾಕಣದ ಯಾವ ವರ್ಕ್‌ಶಾಪಿನಲ್ಲೂ ಕೇಳಬಹುದು. ಸಿಎನ್‌ಸಿ ಎಂಬ ಕಂಪ್ಯೂಟರ್ ನಡೆಸುವ ಮಶೀನನ್ನು ಹೊಂದಿಸುವ ಹಳೆಯ ಸೆಟ್ಟರ್‌ಗೆ ಟೂಲ್ ಸವೆದದ್ದು ಸದ್ದಿನಲ್ಲೇ ತಿಳಿಯುತ್ತದೆ. ಆಫ್‌ಸೆಟ್ (ಟೂಲ್ ನಿಲ್ಲುವ ಅಳತೆ) ಎರಡು ಶತಾಂಶ ಮಿಲಿಮೀಟರ್ ಸರಿಸಿ ಮುಂದಿನ ಪಾರ್ಟ್ ರಿಜೆಕ್ಟ್ ಆಗದಂತೆ ನೋಡಿಕೊಳ್ಳುತ್ತಾನೆ. ಅವನನ್ನು ಕಳಿಸಿದರೆ ಆ ತಿಳಿವಳಿಕೆಯೂ ಗೇಟು ದಾಟುತ್ತದೆ. ಆರ್ಡರು ಮರಳಿದ ದಿನ ಹೊಸಬ ಬಂದು ಅಷ್ಟು ಪಳಗಲು ತಿಂಗಳುಗಳೇ ಬೇಕು, ಅಲ್ಲಿಯವರೆಗೂ ರಿಜೆಕ್ಷನ್ ಮಾಲೀಕನದೇ.

2009ರಲ್ಲಿ ಜರ್ಮನಿಯ ಉತ್ಪಾದನೆ 5 ಶೇಕಡಾಕ್ಕೂ ಹೆಚ್ಚು ಕುಸಿದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಆ ವರ್ಷ ಒಂದು ಹಂತದಲ್ಲಿ ಸುಮಾರು 14 ಲಕ್ಷ ಮಂದಿ ಮೊಟಕು ಕೆಲಸದಲ್ಲಿದ್ದರು. ಸ್ಪೇನಿನ ಪಾಡು ನೋಡಿ. ಅಲ್ಲಿ ಮನೆ ಕಟ್ಟುವ ಭರಾಟೆ ಒಡೆದು ಬಿತ್ತು, ಮೂರನೇ ಒಂದರ ಹತ್ತಿರ ನೌಕರರು ತಾತ್ಕಾಲಿಕ ಕರಾರಿನಲ್ಲಿದ್ದರು. ಕರಾರು ನವೀಕರಿಸದಿದ್ದರೆ ಆಯಿತು, ಕೆಲಸ ಹೋಯಿತು. 2013ರಲ್ಲಿ ನಿರುದ್ಯೋಗ 26 ಶೇಕಡಾ ಮುಟ್ಟಿತು, ಹುಡುಗ ಹುಡುಗಿಯರಲ್ಲಿ ಅರ್ಧಕ್ಕೂ ಹೆಚ್ಚು. 2020ರಲ್ಲಿ ಉತ್ಪಾದನೆ ಇನ್ನೂ ಭೀಕರವಾಗಿ ಬಿದ್ದಿತು. ಆದರೆ ಈ ಸಲ ಜರ್ಮನಿಯಂಥದೇ ವ್ಯವಸ್ಥೆ ಕೈಹಿಡಿದು, ನಿರುದ್ಯೋಗ 16 ಶೇಕಡಾದ ಆಸುಪಾಸಿನಲ್ಲೇ ನಿಂತಿತು.

ಈ ಮದ್ದೂ ಕೆಡುವುದುಂಟು. ಸಾಯುತ್ತಿರುವ ಕಸುಬಿಗೆ ವರ್ಷಗಟ್ಟಲೆ ಸುರಿದರೆ ಜನ ಹೊಸ ಕಸುಬಿಗೆ ಹೋಗುವುದು ತಡವಾಗುತ್ತದೆ. ಗಿರಣಗಾಂವ್‌ನ ಮಿಲ್‌ಗಳನ್ನು ಇದೊಂದೇ ಉಳಿಸುತ್ತಿರಲಿಲ್ಲ. ಅದಕ್ಕೇ ಅವಧಿಗೆ ಮಿತಿ ಬೇಕು, ಖಾಲಿ ಉಳಿದ ದಿನ ತರಬೇತಿ ಬೇಕು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ಬ್ಯಾಂಕು, ಕಚೇರಿ ಸೇರಿದ್ದು ಹೀಗೆಯೇ: ದುಡಿಮೆ ಬಿಡದೆ ಕಲಿತರು.

ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. ಯುರೋಪ್, ಅಮೆರಿಕದ ಅಂಕಿಯಲ್ಲಿ ಸಾಮಾನ್ಯವಾಗಿ ಕೆಲಸವಿಲ್ಲದೆ, ಕೆಲಸಕ್ಕೆ ಸಿದ್ಧರಿದ್ದು, ಹಿಂದಿನ ನಾಲ್ಕು ವಾರದಲ್ಲಿ ಹುಡುಕಿದವರಷ್ಟೇ ನಿರುದ್ಯೋಗಿಗಳ ಲೆಕ್ಕಕ್ಕೆ ಬರುತ್ತಾರೆ. ದುಡಿಯುವವರು, ಹುಡುಕುವವರು ಸೇರಿ ನೂರರಲ್ಲಿ ಹತ್ತು ಮಂದಿ ಹುಡುಕುತ್ತಿದ್ದರೆ ದರ 10 ಶೇಕಡಾ. ಅವರಲ್ಲಿ ನಾಲ್ವರು ಸೋತು ಹುಡುಕುವುದನ್ನೇ ಬಿಟ್ಟರೆ ಅವರು ಲೆಕ್ಕದಿಂದಲೇ ಹೊರಗೆ; ಆಗ 96ರಲ್ಲಿ ಆರು, 6.25 ಶೇಕಡಾ. ಒಬ್ಬರಿಗೂ ಕೆಲಸ ಸಿಕ್ಕಿಲ್ಲ, ದರ ಮಾತ್ರ ಇಳಿದಿದೆ. ಜೊತೆಗೆ ಎಷ್ಟು ಮಂದಿ ದುಡಿಯುತ್ತಿದ್ದಾರೆ ಎಂಬ ಅಂಕಿಯನ್ನೂ ನೋಡಲೇಬೇಕು.

ನಮ್ಮಲ್ಲಿ ಇಎಸ್‌ಐ ವಿಮೆಯಡಿ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಕೆಲಸ ಕಳೆದುಕೊಂಡ ಅರ್ಹ ನೌಕರರಿಗೆ ಮೊದಲು ಸರಾಸರಿ ದಿನಗೂಲಿಯ 25 ಶೇಕಡಾ ಕೊಡುತ್ತಿತ್ತು. 2020ರಲ್ಲಿ ಅದು 50 ಶೇಕಡಾ ಆಯಿತು, ಹೆಚ್ಚೆಂದರೆ 90 ದಿನ. ಇದು ಕೆಲಸ ಹೋದ ಮೇಲೆ ಬರುವ ದುಡ್ಡು. ಕೆಲಸ ಹೋಗದಂತೆ ಮೊದಲೇ ಬಂದು ತುಂಬುವ 300 ಯೂರೋದಂಥದ್ದು ಚಾಕಣದ ಸೆಟ್ಟರ್‌ಗೆ ಇನ್ನೂ ಇಲ್ಲ.