ಜಾಮ್ ಆದ ಯೆಜ್ಡಿ ಎಂಜಿನ್‌ಗೆ ಸುತ್ತಿಗೆ ಯಾಕೆ ಬೇಡ

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಎಷ್ಟೋ ಹಳೇ ಮನೆಗಳ ಹಿತ್ತಲಲ್ಲಿ ಒಂದು ಜಾವಾ ಅಥವಾ ಯೆಜ್ಡಿ ಬೈಕ್ ಇನ್ನೂ ನಿಂತಿದೆ. ಅಪ್ಪನೋ ಕಾಕಾನೋ ಓಡಿಸಿದ್ದು. ಕಿಕ್ ಒತ್ತಿದರೆ ಕೆಳಗಿಳಿಯುವುದೇ ಇಲ್ಲ. "ಎಂಜಿನ್ ಜಾಮ್ ಆಗೇದ, ಗುಜರಿಗೆ ಹಾಕ್ರಿ" ಅಂತ ಒಬ್ಬರು ಹೇಳುತ್ತಾರೆ. "ದೃಷ್ಟಿ ತಾಗೇದ" ಅಂತ ಇನ್ನೊಬ್ಬರು ನಿಂಬೆಹಣ್ಣು ಕಟ್ಟುತ್ತಾರೆ. ದಯವಿಟ್ಟು ಇಬ್ಬರ ಮಾತನ್ನೂ ಕೇಳಬೇಡಿ. ಅಲ್ಲಿ ಆಗಿರುವುದು ಬರೀ ನೀರು, ಗಾಳಿ ಮತ್ತು ಕಬ್ಬಿಣದ ವ್ಯವಹಾರ.

ಇದು ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿವೆ. ಮಳೆಗಾಲದ ತೇವದ ಗಾಳಿ ಸೈಲೆನ್ಸರ್ ಮೂಲಕ ಒಳಗೆ ಬರುತ್ತದೆ, ರಾತ್ರಿ ತಣ್ಣಗಾದ ಲೋಹದ ಮೇಲೆ ಹನಿಗಟ್ಟುತ್ತದೆ. ಬೀಡು ಕಬ್ಬಿಣದ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಕೂದಲೆಳೆಯಷ್ಟು ಸಂದಿ ಅದರಿಂದಲೇ ಭರ್ತಿಯಾಗುತ್ತದೆ. ಲೋಹ ಲೋಹಕ್ಕೆ ಬೆಸೆದುಕೊಂಡಿಲ್ಲ. ನಡುವೆ ತುಕ್ಕಿನ ಪುಡಿ ಗಿಡಿದುಕೊಂಡಿದೆ, ಅಷ್ಟೇ.

ಹಾಗಾಗಿ ಕಿಕ್ ಮೇಲೆ ಹತ್ತಿ ನಿಲ್ಲಬೇಡಿ. ಈ ಗಾಡಿಯಲ್ಲಿ ಕಿಕ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಒಳಗಿನ ಹಲ್ಲು ಮುರಿದರೆ ಒಂದು ರಿಪೇರಿ ಎರಡಾಗುತ್ತದೆ. ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಬಿಚ್ಚಿ, ಪಿಸ್ಟನ್ ತಲೆಯ ಮೇಲೆ ತೆಳುವಾದ ಎಣ್ಣೆ ಹಾಕಿ. ಡೀಸೆಲ್‌ಗೆ ಸ್ವಲ್ಪ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಗಾಡಿಗಳ ಗೇರ್ ಎಣ್ಣೆ) ಬೆರೆಸಿದರೂ ನಡೆಯುತ್ತದೆ.

ಆಮೇಲೆ ಸುಮ್ನೆ ಬಿಡಿ. ನನಗೆ ತುಂಬಾ ಇಷ್ಟವಾದ ವಿಜ್ಞಾನ ಇಲ್ಲೇ ಇದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೇ ಈ ಸಂದಿಯೂ ಎಣ್ಣೆಯನ್ನು ತಾನೇ ಎಳೆದುಕೊಳ್ಳುತ್ತದೆ. ಸಂದಿ ಕಿರಿದಾದಷ್ಟೂ ಎಳೆತ ಜೋರು. ಆದರೆ ಕಿರಿದಾದ ದಾರಿಯಲ್ಲಿ ಎಣ್ಣೆಗೆ ಅಡ್ಡಿ ಇನ್ನೂ ಜೋರು. ಒಳಗೆ ಹೋದಷ್ಟೂ ಅಡ್ಡಿ ಬೆಳೆಯುತ್ತದೆ, ವೇಗ ಕುಗ್ಗುತ್ತದೆ. ಇದರ ಲೆಕ್ಕವನ್ನು 1918ರಲ್ಲಿ ವಿಜ್ಞಾನಿ ಲ್ಯೂಕಾಸ್, 1921ರಲ್ಲಿ ವಾಶ್‌ಬರ್ನ್ ಬರೆದಿಟ್ಟರು. ಎರಡು ಪಟ್ಟು ಆಳಕ್ಕೆ ನಾಲ್ಕು ಪಟ್ಟು ಸಮಯ ಬೇಕು. ಮೊದಲ ಒಂದು ಸೆಂಟಿಮೀಟರ್‌ಗೆ ಒಂದು ದಿನ ಹಿಡಿಯಿತು ಅಂತಿಟ್ಟುಕೊಳ್ಳಿ. ನಾಲ್ಕು ಸೆಂಟಿಮೀಟರ್‌ಗೆ ಹದಿನಾರು ದಿನ! ಸಂಜೆ ಎಣ್ಣೆ ಬಿಟ್ಟು ಬೆಳಿಗ್ಗೆ ಸುತ್ತಿಗೆ ಎತ್ತುವವರು ಸೋಲುವುದು ಇದಕ್ಕೇ.

"ಬಿಸಿ ಮಾಡಿದರೆ ಬಿಡುತ್ತದೆ" ಎನ್ನುವ ಮಾತು ಅರ್ಧ ಮಾತ್ರ ಸರಿ. ಪಿಸ್ಟನ್ ಅಲ್ಯೂಮಿನಿಯಂನದು. ಬಿಸಿಗೆ ಅದು ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 250 ಸಿಸಿ ಗಾಡಿಯ ಬೋರ್, ಅಂದರೆ ಸಿಲಿಂಡರ್ ಒಳ ಅಗಲ, 65 ಮಿ.ಮೀ. ಎರಡರ ಬಿಸಿಯನ್ನೂ 100 ಡಿಗ್ರಿ ಏರಿಸಿದರೆ ಪಿಸ್ಟನ್ ಸುಮಾರು 0.15 ಮಿ.ಮೀ., ಸಿಲಿಂಡರ್ 0.07 ಮಿ.ಮೀ. ಹಿಗ್ಗುತ್ತವೆ. ಅಂದರೆ ಹಿಡಿತ ಇನ್ನೂ ಬಿಗಿಯಾಯಿತು ಅಲ್ವಾ? ಓಡುವಾಗ ಕಾದು ಸೀಜ್ ಆಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಸಿಲಿಂಡರ್‌ನ ಹೊರಮೈಯನ್ನಷ್ಟೇ ಬೇಗ ಬಿಸಿ ಮಾಡಬೇಕು. ಒಳಗಿನ ಪಿಸ್ಟನ್ ಕಾಯುವ ಮೊದಲು ಸಂದಿ ಕೊಂಚ ಅಗಲವಾಗುತ್ತದೆ. ಪಿಸ್ಟನ್ ಕಾದುಬಿಟ್ಟರೂ ನಷ್ಟವಿಲ್ಲ. ತಣ್ಣಗಾಗಲು ಬಿಡಿ. ಹಿಗ್ಗಿ ಕುಗ್ಗುವಾಗ ತುಕ್ಕು ಪುಡಿಯಾಗುತ್ತದೆ, ಕುಗ್ಗಿದ ಪಿಸ್ಟನ್ ಪಕ್ಕದಲ್ಲಿ ಎಣ್ಣೆಗೆ ಹೊಸ ದಾರಿ ಸಿಗುತ್ತದೆ. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡದೆ, ಹಾಕಿದ ಎಣ್ಣೆ ಒರೆಸದೆ ಬೆಂಕಿ ಮಾತ್ರ ಹಚ್ಚಬೇಡಿ. ಕಾಸ್ಟಿಕ್ ಸೋಡಾ ಕೂಡ ಬೇಡ. ಅದು ತುಕ್ಕನ್ನು ಬಿಟ್ಟು ಅಲ್ಯೂಮಿನಿಯಂ ತಿನ್ನುತ್ತದೆ.

ಪಿಸ್ಟನ್ ಅಲುಗಿದ ಮೇಲೆ ಸಾಮಾನಿನ ಚಿಂತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಮಾಡಿತು, 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮರಳಿ ಬಂತು ನಿಜ. ಆದರೆ ಅದು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದರ ಪಿಸ್ಟನ್ ನಿಮ್ಮ ಗಾಡಿಗೆ ಕೂರುವುದಿಲ್ಲ.

ಆದರೂ ಎಲ್ಲವನ್ನೂ ಹುಡುಕಿಕೊಂಡು ಅಲೆಯಬೇಕಿಲ್ಲ. ಬೇರಿಂಗ್ ಮೇಲೆ ಕೆತ್ತಿದ ನಂಬರ್ ಓದಿ. 6305 ಎಂದಿದ್ದರೆ ಕೊನೆಯ 05 ಅನ್ನು ಐದರಿಂದ ಗುಣಿಸಿ, ಒಳ ಅಳತೆ 25 ಮಿ.ಮೀ. ಹೊರ ಅಳತೆ 62, ದಪ್ಪ 17. ಜಗತ್ತಿನ ಯಾವ ಕಂಪನಿಯ 6305 ಆದರೂ ಇದೇ ಅಳತೆ. ನಂಬರ್ ಪಕ್ಕ ಸಿ3 (ಒಳಗಿನ ಸಡಿಲ ಸ್ವಲ್ಪ ಜಾಸ್ತಿ ಎಂಬ ಗುರುತು) ಎಂದಿದ್ದರೆ ಅದನ್ನೂ ಬರೆದುಕೊಳ್ಳಿ. ಆಯಿಲ್ ಸೀಲ್ ಮೇಲೂ ಮೂರು ಅಳತೆ ಇರುತ್ತವೆ. ಹುಬ್ಬಳ್ಳಿಯ ಬೇರಿಂಗ್ ಅಂಗಡಿಯಲ್ಲಿ ಗಾಡಿಯ ಹೆಸರೇ ಹೇಳದೆ ಇವನ್ನು ಕೇಳಬಹುದು.

ನಿಜವಾಗಿ ಹುಡುಕಬೇಕಾದದ್ದು ಪಿಸ್ಟನ್, ರಿಂಗ್, ಕನೆಕ್ಟಿಂಗ್ ರಾಡ್ ಕಿಟ್. ತುಕ್ಕು ಸಿಲಿಂಡರ್‌ನಲ್ಲಿ ಗುಳಿ ಮಾಡಿದ್ದರೆ ಬೋರ್ ಹೊಡೆಸಲೇಬೇಕು, ಅಂದರೆ ಒಳಗೋಡೆಯನ್ನು ಕೊರೆದು ಅಗಲ ಮಾಡಿಸಬೇಕು. ಪಿಸ್ಟನ್ 0.25, 0.50 ಮಿ.ಮೀ. ದೊಡ್ಡದು, ಹೀಗೆ ಓವರ್‌ಸೈಜ್‌ನಲ್ಲಿ ಬರುತ್ತದೆ. ತುಂಬಾ ಜನ ಮೊದಲು ಬೋರ್ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕುತ್ತಾರೆ. ಆ ಸೈಜ್ ಸಿಗದಿದ್ದರೆ ಸಿಲಿಂಡರ್ ಹಾಗೇ ಕೂತಿರುತ್ತದೆ. ಗುಳಿ ಎಷ್ಟು ಆಳ ಅಂತ ಲೇತ್‌ನವರ ಹತ್ತಿರ ಅಳೆಸಿ, ಅಷ್ಟನ್ನು ತೆಗೆಯುವ ಸೈಜಿನ ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನೇ ಅವರಿಗೆ ಕೊಡಿ. ಅವರು ಪಿಸ್ಟನ್ ಅನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕೆ ಬೇಕಾದ ಸಂದಿ ಬಿಟ್ಟು ಸಿಲಿಂಡರ್ ಕೊರೆಯುತ್ತಾರೆ.